ಹಗ್ಗದ ಇನ್ನೊಂದು ತುದಿ

"ಮೈಕು ಇಲ್ಲಿ ಕೊಡಿ ಪಾದ್ರಿಗಳೇ," ಎಂದ ಮುಖ್ವಾನಾ, ಪಾದ್ರಿ ಕೊಡುವ ಮೊದಲೇ ಕಿತ್ತುಕೊಂಡ.

ಪ್ರಾರ್ಥನೆ ಮುಗಿದಿತ್ತು, ಹೂಳುವುದೊಂದು ಬಾಕಿ. ಬಾಳೆಗಿಡಗಳ ನೆರಳಲ್ಲಿದ್ದ ಪೆಟ್ಟಿಗೆಯಲ್ಲಿ ಮಲಗಿದ್ದವಳು ಅವನ ತಮ್ಮನ ಹೆಂಡತಿ ನಬ್ವಿಲೆ. ಊರ ಗಿರಣಿಯಲ್ಲಿ ಇಪ್ಪತ್ತು ವರ್ಷ ಎಲ್ಲರ ಮೆಕ್ಕೆಜೋಳ ಬೀಸಿಕೊಟ್ಟ ವಿಧವೆ.

"ನಮ್ಮನೆ ಸೊಸೆ ಒಳ್ಳೆಯವಳು. ಗಂಡುಮಕ್ಕಳನ್ನ ಹೆರಲಿಲ್ಲ, ದೇವರಿಚ್ಛೆ. ಅವಳಿದ್ದ ಹೊಲ ಇನ್ನು ನನ್ನ ಮಗ ನೋಡ್ಕೋತಾನೆ. ಅವಳ ಮಗಳು ಸೇಲಾ ಇವತ್ತಲ್ಲ ನಾಳೆ ಗಂಡನ ಮನೆ ಸೇರೋಳು. ಬೇರೆ ಮಾತಿದ್ರೆ ಈಗಲೇ ಹೇಳಿ."

ಆ ಊರಲ್ಲಿ ಹೆಣದ ಮುಂದೆ ಆಡಿದ ಮಾತಿಗೆ ಯಾರೂ ಎದುರು ಹೇಳದಿದ್ದರೆ ಅದೇ ತೀರ್ಮಾನ. ಗಂಡಸರು ನೆಲ ನೋಡಿದರು. ಸೇಲಾ ಅತ್ತು ಅತ್ತು ದನಿಯೇ ಇಲ್ಲದೆ ಕೂತಿದ್ದಳು.

ಹೆಂಗಸರ ಚಾಪೆಯಲ್ಲಿ ನೆಲಿಮಾಳನ್ನು ಯಾರೋ ತಿವಿದರು. "ಈ ತಿಂಗಳು ಸಂಘದ ಅಧ್ಯಕ್ಷೆ ನೀನೇ ಕಣೇ."

"ಗೊತ್ತು, ಸುಮ್ನಿರು."

ನೆಲಿಮಾಳ ಗಂಡ ಮುಖ್ವಾನಾನ ಪಕ್ಕದಲ್ಲೇ ಕೂತಿದ್ದ. ಮುಖ್ವಾನಾ ಅವನ ದೊಡ್ಡಪ್ಪ. ಅವರು ಹೊಲ ಉಳುತ್ತಿದ್ದುದು ಆ ದೊಡ್ಡಪ್ಪನ ಎತ್ತುಗಳಿಂದಲೇ.

*

ಮದುವೆಯಾಗಿ ಬಂದ ಹೊಸದರಲ್ಲಿ ನೆಲಿಮಾ ಗಿರಣಿಯಲ್ಲಿ ಯಾರಾದರೂ ತನ್ನ ಸರದಿ ತಪ್ಪಿಸಿದರೂ ಬಾಯಿ ಬಿಡುತ್ತಿರಲಿಲ್ಲ. ಸೋಮವಾರದ ಹೆಂಗಸರ ಸಂಘ ಸೇರುತ್ತಿದ್ದುದೂ ಅಲ್ಲೇ, ಯಂತ್ರ ಓಡುತ್ತಿರುವಾಗ. ಎಲ್ಲರೂ ಅಕ್ಕ ಎನ್ನುತ್ತಿದ್ದ ನಬ್ವಿಲೆ ತಿಂಗಳಿಗೊಬ್ಬಳನ್ನು ಅಧ್ಯಕ್ಷೆ ಮಾಡುತ್ತಿದ್ದಳು. ತಾನು ಒಮ್ಮೆಯೂ ಆಗಲಿಲ್ಲ.

"ಯಂತ್ರ ನಿಲ್ಸಬಾರ್ದೇನಕ್ಕ? ನನ್ನ ಮಾತು ಯಾರಿಗೂ ಕೇಳ್ಸಲ್ಲ."

"ಊರ ಪಂಚಾಯ್ತಿಲಿ ನಿಂಗೋಸ್ಕರ ಯಾರು ಬಾಯಿ ಮುಚ್ಕೋತಾರೆ? ಇಲ್ಲೇ ಕಲಿ. ಹೊಟ್ಟೆಯಿಂದ ಎತ್ತು ದನಿ."

ನಬ್ವಿಲೆಯ ಗಂಡ ತೀರಿಕೊಂಡ ವರ್ಷ ಹಿರಿಯರು ಹೊಲ ಅಳೆಯಲು ಬಂದರು. ಹಗ್ಗದ ಒಂದು ತುದಿ ಮುಖ್ವಾನಾ ಹಿಡಿದ. ಇನ್ನೊಂದನ್ನು ನಬ್ವಿಲೆ ನೆಲಿಮಾಳ ಕೈಗಿಟ್ಟಳು.

"ನಂಗ್ಯಾಕಕ್ಕ ಇದೆಲ್ಲ?"

"ನೀನು ಚಿಕ್ಕವಳು. ಇವರೆಲ್ಲ ಹೋದ್ಮೇಲೂ ಇರ್ತೀಯ."

*

ನೆಲಿಮಾ ಎದ್ದು ನಿಂತಳು. "ದೊಡ್ಡಮಾವ, ಒಂದು ಮಾತಿದೆ."

"ಹೆಂಗಸರ ಮಾತು ಆಮೇಲೆ ಅಡುಗೆಮನೇಲಿ ಕೇಳ್ತೀನಿ," ಎಂದ ಮುಖ್ವಾನಾ. ಗಂಡಸರು ನಕ್ಕರು.

ನೆಲಿಮಾ ಕೂರಲಿಲ್ಲ. "ಅಲ್ಲಿ ನಿಮಗೆ ಪಾತ್ರೆ ತೊಳೆಯೋಕೆ ಹೇಳ್ತಾರೆ. ಇಲ್ಲೇ ಕೇಳಿ."

ಈ ಸಲ ನಕ್ಕವರು ಹೆಂಗಸರು. ನೆಲಿಮಾ ದನಿ ಎತ್ತಿದಳು. ಮೈಕು ಬೇಕಾಗಲಿಲ್ಲ.

"ಈ ಹೊಲ ಅಳೆದ ದಿನ ಹಗ್ಗದ ಒಂದು ತುದಿ ನಿಮ್ಮ ಕೈಲಿತ್ತು, ಒಂದು ನನ್ನ ಕೈಲಿ. ಹಳ್ಳದಿಂದ ಕತ್ತಾಳೆ ಬೇಲಿವರೆಗೂ ನಬ್ವಿಲೆದು, ಅವಳ ನಂತರ ಮಗಳದು ಅಂದ್ರು ಹಿರಿಯರು. ನೀವು ಹೂಂ ಅಂದ್ರಿ. ಆ ಹಿರಿಯರು ಯಾರೂ ಈಗಿಲ್ಲ, ನಾವಿಬ್ಬರೇ ಇರೋದು. ಹೂಂ ಅನ್ನಲಿಲ್ಲ ಅಂತ ಪೆಟ್ಟಿಗೆ ಮೇಲೆ ಕೈಯಿಟ್ಟು ಹೇಳಿ, ನಾನು ಕೂತ್ಕೋತೀನಿ."

ಮುಖ್ವಾನಾ ಪೆಟ್ಟಿಗೆಯತ್ತ ನೋಡಿದ. ಕೈ ಮುಂದೆ ಬರಲಿಲ್ಲ. ನೆಲಿಮಾಳ ಗಂಡನ ಕಡೆ ತಿರುಗಿ, "ನಿನ್ನ ಹೆಂಡ್ತಿನ ಕೂರಿಸೋ," ಎಂದ.

ಗಂಡ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. "ಅವಳು ಸುಳ್ಳು ಹೇಳಲ್ಲ ದೊಡ್ಡಪ್ಪ," ಎಂದ, ತಲೆ ಎತ್ತದೆ.

"ಹಾಗಾದ್ರೆ ಇನ್ಮೇಲೆ ಎತ್ತು ಕೇಳ್ಕೊಂಡು ನನ್ನ ಬಾಗಿಲಿಗೆ ಬರಬೇಡ." ಮುಖ್ವಾನಾ ಮೈಕನ್ನು ಪಾದ್ರಿಯ ಕೈಗೆ ತುರುಕಿ ಹೋಗಿ ಕೂತ.

ಬೇರೆ ಮಾತಿದೆಯೇ ಎಂದು ಪಾದ್ರಿ ಕೇಳಿದರು. ಬೇರಾರೂ ಏಳಲಿಲ್ಲ. "ಹೊಲ ಸೇಲಾಳದ್ದು. ಎಲ್ಲರೂ ಕೇಳಿದ್ದೀರಿ. ಬನ್ನಿ, ಪೆಟ್ಟಿಗೆ ಎತ್ತೋಣ."

ಮಣ್ಣು ಮುಚ್ಚಿ ಬಂದ ಮೇಲೆ ಊಟಕ್ಕೆ ಕೂತರು. ಮುಖ್ವಾನಾನ ಹೆಂಡತಿ ಖಾವೋಯಾ ದೊಡ್ಡ ಕೆಟಲ್ ಹಿಡಿದು ಚಹಾ ಬಗ್ಗಿಸುತ್ತಿದ್ದಳು. ಗಿರಣಿಗೆ ಜೋಳ ಕಳಿಸುತ್ತಿದ್ದಳೇ ಹೊರತು ಅಲ್ಲಿನ ಸಂಘಕ್ಕೆ ಹೋಗಲು ಗಂಡ ಅವಳನ್ನು ಬಿಟ್ಟವನಲ್ಲ. ಸಂಘದ ಹೆಂಗಸರ ಚಾಪೆಯ ಹತ್ತಿರ ಬಂದವಳು ಕೆಟಲ್ ಕೆಳಗಿಟ್ಟಳು.

"ಸ್ವಲ್ಪ ಜರುಗೇ," ಎಂದಳು ನೆಲಿಮಾಳಿಗೆ.

ಚಾಪೆಯ ಮೇಲೆ ಕೂತು ಊದಿದ ಕಾಲುಗಳನ್ನು ಉದ್ದಕ್ಕೆ ಚಾಚಿ, ನೆಲಿಮಾಳ ತಟ್ಟೆಯಿಂದಲೇ ಒಂದು ತುತ್ತು ಮುದ್ದೆ ಮುರಿದುಕೊಂಡಳು. ಅಂಗಳದ ಆಚೆ ಬದಿಯಲ್ಲಿ ಮುಖ್ವಾನಾ ಖಾಲಿ ಲೋಟ ಹಿಡಿದು, ಬಗ್ಗಿಸುವವರು ಎಲ್ಲಿ ಹೋದರೆಂದು ಸುತ್ತ ನೋಡುತ್ತಿದ್ದ.