ಸಿಂಬಿ ಇಟ್ಟು ಕೂತ ಶುಕ್ರ

ಡಾಕ್ಟರ್ ಪರಮೇಶ್ವರಿಯ ದನಿಯೆಂದರೆ ಕುಮಟೆಯವರಿಗೆ ತಮಾಷೆ. "ಔಷಧಿ ದಿನಕ್ಕೆಷ್ಟು ಸಲ ಅಂತ ತಿಳೀಬೇಕಾದ್ರೆ ಅವರ ಬಾಯಿಗೇ ಕಿವಿ ಇಡಬೇಕು" ಎನ್ನುತ್ತಿದ್ದರು. ಆ ಮೆಲುದನಿ ತನಗೆ ಎದುರಾಡದೆಂದು ನೆಚ್ಚಿಕೊಂಡು ಕಾಲೇಜಿನ ಆಟದ ಮಾಸ್ತರು ಮಹಾಗಣಪತಿ, ಕಬಡ್ಡಿ ಫೈನಲ್ಲಿನ ದಿನ ಬೆಳಿಗ್ಗೆ ತಂಡದ ಹುಡುಗ ಶುಕ್ರನನ್ನು ದವಾಖಾನೆಗೆ ಕರೆತಂದರು. ಹಿರೇಗುತ್ತಿಯ ಬೇಸಾಯದ ಮನೆಯವನು. ಎದುರು ತಂಡದ ಯಾರ ಕೈಗೂ ಸಿಗದ ಕಾಲು ಅವನದು. ಮೊನ್ನೆಯ ಆಟದಲ್ಲಿ ಬಲ ಮೊಣಕಾಲು ತಿರುಚಿತ್ತು.

"ನೋವು ಗೊತ್ತಾಗದ ಹಾಗೆ ಒಂದು ಇಂಜೆಕ್ಷನ್ ಚುಚ್ಚು ತಂಗೀ. ಆಡಬಹುದು ಅಂತ ಚೀಟಿ ಬರೆದುಕೊಡು, ಆತು. ನಡೆದು ತೋರಿಸೋ ಶುಕ್ರ!"

ಶುಕ್ರ ಜಗಲಿಯುದ್ದಕ್ಕೂ ನಡೆದ. ಕುಂಟಲಿಲ್ಲ.

ಪರಮೇಶ್ವರಿ ಅವನ ಹೆಗಲ ಟವೆಲನ್ನು ನೋಡಿದಳು. "ಅದನ್ನು ಸಿಂಬಿ ಸುತ್ತಿ ತಲೆ ಮೇಲಿಡು. ಹುಲ್ಲಿನ ಹೊರೆ ಹೊರುವಾಗ ಕೂರ್ತೀಯಲ್ಲ, ಹಾಗೆ ಕೂತು ಏಳು."

ಹೊರೆಯಿಲ್ಲ, ಬರೀ ಸಿಂಬಿ. ಹಲ್ಲು ಕಚ್ಚಿ ಕೂತ ಶುಕ್ರನಿಗೆ ಏಳಲಾಗಲಿಲ್ಲ. ಬಾಗಿಲಿನ ದಾರಂದ ಹಿಡಿದುಕೊಂಡ.

"ಮಾಸ್ತರೇ, ನೀವು ಹೊರಗೆ ಹೋಗಿ. ಕಾಲು ಅವನದು. ಮೊದಲು ಅವನಿಗೆ ಹೇಳ್ತೇನೆ."

ಆ ದನಿ ರಸ್ತೆಯವರೆಗೂ ಕೇಳಿಸಿತು.

ಒಳಗೆ ಶುಕ್ರ ಅಂಗಲಾಚಿದ. "ಚುಚ್ಚಿಬಿಡಿ ಡಾಕ್ಟ್ರಮ್ಮ. ನೋವು ಹೋದ್ರೆ ಆತಲ್ಲ?"

"ನಾಯಿಯ ಬಾಯಿ ಕಟ್ಟಿದರೆ ಕಳ್ಳ ಬರೋದು ನಿಲ್ತದಾ? ಒಳಗೆ ಸ್ವಲ್ಪ ಹರಿದಿದೆ. ಇವತ್ತು ಪೂರ್ತಿ ಹರಿದರೆ ಮುಂದೆ ಆಟವೂ ಇಲ್ಲ, ಹೊರೆಯೂ ಇಲ್ಲ. ಕಟ್ಟು ಹಾಕಿ ಬಿಟ್ಟರೆ ಕೂಡೀತು. ನೀ ಎಂತ ಹೇಳ್ತೆ?"

ತನ್ನ ಕಾಲಿನ ವಿಷಯ ತನ್ನನ್ನೇ ಯಾರಾದರೂ ಕೇಳಿದ್ದು ಅವನಿಗೆ ಅದೇ ಮೊದಲು. ಸಿಂಬಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಗೋಡೆ ಹಿಡಿದು ಹೊರಗೆ ಹೋದ.

"ಮಾಸ್ತರೇ, ನಾ ಇವತ್ತು ಆಡುದಿಲ್ಲ."

"ಸೋತರೆ ನಾ ಊರಿಗೆಲ್ಲ ಈ ತಂಗಿಯ ಹೆಸರೇ ಹೇಳ್ತೆ!" ಮಾಸ್ತರು ಛತ್ರಿ ಬೀಸುತ್ತ ನಡೆದರು.

ಕುಮಟೆ ಎರಡು ಪಾಯಿಂಟಿನಿಂದ ಸೋತಿತು. ಮಾಸ್ತರು ಹೇಳಿದಂತೆಯೇ ಮಾಡಿದರು. ಪರಮೇಶ್ವರಿ ಸಂತೆಗೆ ಹೋಗುವುದನ್ನೇ ಬಿಟ್ಟಳು.

ಶುಕ್ರನ ಕಾಲು ಕೂಡಿತು. ಮರುವರ್ಷ ಫೈನಲ್ಲು ಹೊನ್ನಾವರದಲ್ಲಿ. ಪಾಯಿಂಟು ಸಮ ಸಮ, ಕೊನೆಯ ನಿಮಿಷ. ಎದುರಂಗಳಕ್ಕೆ ನುಗ್ಗಿದ ಶುಕ್ರನ ಮೇಲೆ ಮೂವರು ಬಿದ್ದರು. ಒಬ್ಬ ಆ ಬಲಗಾಲನ್ನೇ ತಬ್ಬಿದ. ನೋಡುವವರ ನಡುವೆ ನಿಂತಿದ್ದ ಪರಮೇಶ್ವರಿ ಸೆರಗಿನ ತುದಿ ಕಚ್ಚಿದಳು. ಶುಕ್ರ ಕುಸಿದು ಕುಕ್ಕರಗಾಲಲ್ಲಿ ಕೂತ. ಹೊರೆ ಹೊತ್ತವನಂತೆ ಎದ್ದ, ಮೂವರ ಸಮೇತ! ಎರಡು ಹೆಜ್ಜೆ ಎಳೆದು ನಡುಗೆರೆಗೆ ಕೈ ಚಾಚಿಯೇಬಿಟ್ಟ.

"ಗೆದ್ದ! ಶುಕ್ರ ಗೆದ್ದ!"

ಯಾರಪ್ಪಾ ಈ ಗಂಟಲು ಎಂದು ಮಹಾಗಣಪತಿ ತಿರುಗಿದರು. "ಓ, ಡಾಕ್ಟ್ರೇ! ಈ ದನಿ ಎಲ್ಲಿ ಅಡಗಿಸಿಟ್ಟಿದ್ರಿ?"

"ಹೋದ ವರ್ಷ ನಿಮಗೇ ಮೊದಲು ಕೇಳಿಸಿದ್ದೆ, ಮಾಸ್ತರೇ."

ಅಷ್ಟರಲ್ಲಿ ಮೈಯೆಲ್ಲ ಮಣ್ಣಾದ ಶುಕ್ರ ಬಂದ. ಪರಮೇಶ್ವರಿ ಅವನ ಮೊಣಕಾಲಿಗೆ ಬಾಗಿದಳು. "ಎಲ್ಲಿ, ಒಮ್ಮೆ ಕೂತು ಏಳು, ನೋಡುವ."

"ಮೂರು ಜನರನ್ನ ಹೊತ್ತು ಎದ್ದದ್ದು ಸಾಲದಾ ಡಾಕ್ಟ್ರಮ್ಮ?" ಎಂದ ಶುಕ್ರ. ಆದರೂ ಕೂತು ಎದ್ದ.