ಹಸಿರಾಗದ ಬೆಡಿ

ನನ್ನ ಗಂಡ ಭುಜಂಗರಿಗೆ ಬುದ್ಧಿ ಕಡಿಮೆಯೆಂದು ನಾನು ಹೇಳುವುದಿಲ್ಲ, ಹಟ ಜಾಸ್ತಿ. ಕಾಪುವಿನ ನಮ್ಮ ಹಿತ್ತಿಲಲ್ಲಿ ಹಬ್ಬಗಳಿಗೆ ಬೆಡಿ, ಎಂದರೆ ಬಾಣಬಿರುಸು, ತಯಾರಿಸುವುದು ಇವರ ಕಸುಬು. ಎಪ್ಪತ್ತೆಂಟನೆಯ ಇಸವಿಯಲ್ಲಿ ಶಿರ್ವದ ಇಗರ್ಜಿಯ ಹಬ್ಬಕ್ಕೆ ಹಸಿರು ಬೆಡಿ ಬೇಕೆಂದು ಹಬ್ಬದ ಉಸ್ತುವಾರಿಯ ಹೆರಾಲ್ಡ್ ಕೇಳಿದಾಗ ಎದೆ ತಟ್ಟಿ ಒಪ್ಪಿಕೊಂಡರು.

ಬೇರಿಯಂ ನೈಟ್ರೇಟ್ ಉರಿದರೆ ಹಸಿರು. ಅದಕ್ಕೆ ಗಂಧಕ, ಅಂಟು ಎಲ್ಲ ಸೇರಿಸಿ ಗುಳಿಗೆ ಕಟ್ಟಿ, ಒಣಗಿಸಿ, ಒಂದಕ್ಕೆ ಬೆಂಕಿ ಕೊಟ್ಟರು. ಹಳದಿ! ಇನ್ನೊಮ್ಮೆ ಮಾಡಿದರು. ಅದೂ ಹಳದಿ.

ಮರುದಿನ ಪೇಟೆಯಿಂದ ಕ್ಲೋರೇಟಿನ ಡಬ್ಬಿ ತಂದರು. ನಾನು ಅಡ್ಡ ನಿಂತೆ. ಇವರ ಅಣ್ಣ ಬೂಬಣ್ಣ ಗಂಧಕದೊಡನೆ ಕ್ಲೋರೇಟ್ ಅರೆಯುವಾಗ, ಬೆಂಕಿ ತೋರಿಸದೆಯೇ, ಬರೀ ತಿಕ್ಕಿದ್ದಕ್ಕೆ ಸಿಡಿದು ಎರಡೂ ಕಣ್ಣು ಹೋಗಿದ್ದವು.

"ಸ್ವಲ್ಪವೇ ಹಾಕುವುದು ಪುಷ್ಪಾ. ಬಣ್ಣ ಗಟ್ಟಿ ಬರ್ತದೆ."

"ಬೂಬಣ್ಣನೂ ಸ್ವಲ್ಪವೇ ಹಾಕಿದ್ದಲ್ವಾ?"

"ನನಗೆ ಗೊತ್ತುಂಟು ಮಾರಾಯ್ತಿ, ನೀನು ಒಳಗೆ ಹೋಗು."

ಹೋದೆ. ಆದರೆ ಗಂಧಕದ ಪೊಟ್ಟಣವನ್ನು ನೆರೆಮನೆಯ ಸುಂದರಿಯ ಕೈಗೆ ಕೊಟ್ಟೇ ಹೋದೆ. ಇವರು ಅಂಗಳದಲ್ಲಿ ಕೂಗಾಡಿದರು. ಕೂಗಲಿ, ಕೂಗಿದರೆ ಕಣ್ಣು ಹೋಗುವುದಿಲ್ಲ.

ಅಷ್ಟರಲ್ಲಿ ಸೀಮೆಎಣ್ಣೆ ಸ್ಟವ್ವಿನ ಮೇಲೆ ಉಪ್ಪು ಹಾಕಿದ ಗಂಜಿ ಉಕ್ಕಿ, ನೀಲಿ ಉರಿ ಒಮ್ಮೆಲೇ ಹಳದಿಯಾಯಿತು. ದಿನಾ ಕಾಣುವುದೇ, ಅಂದು ಮಾತ್ರ ತಲೆಗೆ ಹೋಯಿತು. ಉಪ್ಪು ಬಿದ್ದರೆ ಉರಿ ಹಳದಿ! ಹೊರಗೆ ಓಡಿ ನೋಡಿದರೆ, ಇವರು ಹಿಂದಿನ ದಿನ ಕಲಸಿ ಉಳಿದಿದ್ದ ಮದ್ದಿನ ಒದ್ದೆ ಗುಳಿಗೆಗಳನ್ನು ಹರಡುತ್ತಿದ್ದದ್ದು ನಾನು ಉಪ್ಪುಮೀನು ಒಣಗಿಸುವ ಚಾಪೆಯ ಮೇಲೆ.

"ಒಂದು ಮಾತು ಕೇಳದೆ ನನ್ನ ಚಾಪೆ ತೆಗೆದದ್ದು ಯಾಕೆ? ನಿಮ್ಮ ಹಸಿರಿಗೆ ಬಂಗುಡೆಯ ಉಪ್ಪು ಹತ್ತಿದೆ ಮಾರಾಯ್ರೆ!"

ಇವರು ಚಾಪೆ ಮೂಸಿ, ಗುಳಿಗೆಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು. ನನಗೆ ನಗು ತಡೆಯಲಾಗಲಿಲ್ಲ.

ತೊಳೆದ ಬಟ್ಟೆಯ ಮೇಲೆ ಒಣಗಿದ ಹೊಸ ಗುಳಿಗೆ ಎಳೆ ಗರಿಕೆಯ ಹಾಗೆ ಹಸಿರಾಗಿ ಉರಿಯಿತು. ಕ್ಲೋರೇಟಿನ ಡಬ್ಬಿ ಬಿಚ್ಚದೆಯೇ ಅಂಗಡಿಗೆ ವಾಪಸಾಯಿತು, ಗಂಧಕ ಸುಂದರಿಯ ಮನೆಯಿಂದ ನಮ್ಮ ಮನೆಗೆ.

ಹಬ್ಬದ ಸಂಜೆ ಬೆಡಿ ಸಿಡಿದು ಶಿರ್ವದ ಆಕಾಶ ಹಸಿರಾದದ್ದೇ, ಹೆರಾಲ್ಡ್ ಓಡಿ ಬಂದ. "ಬರುವ ವರ್ಷ ನೀಲಿ ಬೇಕು ಭುಜಂಗಣ್ಣ!"

ನೀಲಿ ಎಂದರೆ ಬೆಡಿಯವರು ಮೊದಲು ಹುಡುಕುವುದು ಕ್ಲೋರೇಟನ್ನೇ. ಇವರ ಎದೆ ಆಗಲೇ ಉಬ್ಬಿತ್ತು.

"ನೀಲಿ ನೋಡಬೇಕಾದರೆ ಕಾಪುವಿಗೆ ಬನ್ನಿ, ಸಮುದ್ರ ಉಂಟು" ಎಂದೆ ನಾನು.

"ತಮಾಷೆ ಅಲ್ಲ ಅಕ್ಕ. ಭುಜಂಗಣ್ಣ, ಆಗ್ತದಾ?"

ಇವರು ನನ್ನ ಮುಖ ನೋಡಿದರು. "ಆಗುವುದಿಲ್ಲ" ಎಂದರು.

ಇವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಮನೆಗೆ ಬರುವಾಗ ಬಸ್ಸಿನಲ್ಲಿ, ನಾಚಿಕೆ ಬಿಟ್ಟು, ಇವರ ಕೈ ಹಿಡಿದು ಕೂತೆ.