ಎನ್ಯೋನಾಮಳ ಮೈಯ ಬೆಂಕಿ

ಹಿನ್ನೀರಿನ ದಡದ ಕೇಟಾ ಊರಿನ ನಮ್ಮ ಚರ್ಚಿನಲ್ಲಿ ಎನ್ಯೋನಾಮ್ ಹಾಡುವವರ ಸಾಲಿನಲ್ಲಿ ನಿಲ್ಲುತ್ತಿದ್ದಳು. ಮಾರುಕಟ್ಟೆಯಲ್ಲಿ ಈರುಳ್ಳಿ ಮಾರುವ ಹೆಂಗಸು, ವಯಸ್ಸು ನಲವತ್ತೇಳು. ಒಂದು ಭಾನುವಾರ ಹಾಡಿನ ನಡುವೆ ಅವಳ ಎದೆಯಿಂದ ಬಿಸಿಯೊಂದು ಎದ್ದು ನೆತ್ತಿಗೇರಿತು. ತಲೆವಸ್ತ್ರ ಕಿತ್ತೆಸೆದು, "ಅಯ್ಯೋ, ಬೆಂಕಿ! ಉರೀತಿದೆ!" ಎಂದು ಕೂಗಿಕೊಂಡಳು.

ಪಾದ್ರಿ ಅಗ್ಬೆಕೋ ಹಾರಿ ಬಂದು ಮೈಕು ಹಿಡಿದರು. "ಪವಿತ್ರಾತ್ಮ ಇಳಿದಿದೆ! ಆ ಬೆವರು ನೋಡ್ರಪ್ಪಾ, ಬೆವರು!"

ಮುಂದಿನ ವಾರವೂ ಇಳಿಯಿತು. ಆಮೇಲೆ ಅವಳಿಗೆ ಎಲ್ಲರ ಮುಂದೆ ಒಂಟಿ ಕುರ್ಚಿ ಹಾಕಿದರು. ಕೈ ಮುಟ್ಟಲು ಜನ ಸಾಲುಗಟ್ಟಿದರು. ಮಂಡಿನೋವಿನವರು ಬಂದರು, ಮಕ್ಕಳಾಗದವರು ಬಂದರು. ಒಬ್ಬ ದೋಣಿಯವನು ಸತ್ತ ಮೊಬೈಲನ್ನು ಅವಳ ಅಂಗೈಯಲ್ಲಿಟ್ಟು, "ಅರ್ಧ ಚಾರ್ಜ್ ಆದ್ರೆ ಸಾಕು ಅಕ್ಕಾ" ಎಂದ. ದೇವರ ಬೆಂಕಿ, ಏನು ಬೇಕಾದರೂ ಮಾಡೀತು ಎಂದುಕೊಂಡು ಎನ್ಯೋನಾಮ್ ಅದನ್ನು ಹಿಡಿದು ಕೂತಳು.

ಮನೆಯಲ್ಲಿ ಮಾತ್ರ ಪವಿತ್ರವಾದದ್ದೇನೂ ಕಾಣುತ್ತಿರಲಿಲ್ಲ. ಗಂಡ ಕೋಸಿ ಮೀನು ಅಗಿಯುವ ಸದ್ದು ತಡೆಯಲಾರದೆ ಅವನ ತಟ್ಟೆಯನ್ನು ಅಂಗಳಕ್ಕೆ ಬೀಸಿದಳು. ಕೋಳಿಯೊಂದು ತನ್ನನ್ನೇ ನೋಡಿತೆಂದು ಅತ್ತಳು. ಮುಟ್ಟು ಎರಡು ತಿಂಗಳು ನಿಂತೇಹೋಯಿತು. ಬಂದಾಗ ಕೋಡಿ ಬಿದ್ದಂತೆ ಹರಿಯಿತು. ಬಸುರೋ, ಹೊಟ್ಟೆಯೊಳಗೆ ಗಡ್ಡೆಯೋ ಎಂದು ಹೆದರಿ ಕ್ಲಿನಿಕ್ಕಿಗೆ ಹೋದಳು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ನರ್ಸ್ ಹೇಳಿದಳು: "ಗಡ್ಡೆ ಇಲ್ಲ, ಬಸುರೂ ಅಲ್ಲ ಅಕ್ಕಾ. ಮುಟ್ಟು ನಿಲ್ಲೋ ಕಾಲ ಶುರುವಾಗಿದೆ. ಒಂದೇ ಸಲ ನಿಲ್ಲಲ್ಲ, ಕೆಲವು ವರ್ಷ ಹಿಂಗೇ ಆಟ ಆಡಿಸುತ್ತೆ. ಬಿಸಿ, ಸಿಟ್ಟು, ಅಳು, ನಿದ್ದೆಗೇಡು, ಎಲ್ಲಾ ಅದರದ್ದೇ."

"ಹಂಗಾದ್ರೆ ಪವಿತ್ರಾತ್ಮ?"

"ಅದನ್ನ ನಾವಿಲ್ಲಿ ಪರೀಕ್ಷೆ ಮಾಡಲ್ಲ."

ಹೊರಗೆ ಬೆಂಚಿನ ಮೇಲೆ ಕೂತು ಎನ್ಯೋನಾಮ್ ಅತ್ತಳು. ಅವಳ ತಾಯಿ ಇದೇ ವಯಸ್ಸಿನಲ್ಲಿ, ನಡುಮಧ್ಯಾಹ್ನ, ಉಟ್ಟ ಬಟ್ಟೆಯಲ್ಲೇ ಹಿನ್ನೀರಿನೊಳಗೆ ಕುತ್ತಿಗೆಯವರೆಗೆ ಮುಳುಗಿ ಕೂರುತ್ತಿದ್ದಳು. ತಲೆ ಕೆಟ್ಟಿದೆ ಎಂದು ಊರು ನಗುತ್ತಿತ್ತು. "ಸೆಕೆ ಆಗ್ತಿದೆಯಾ ಅಮ್ಮಾ?" ಎಂದು ಹೆತ್ತ ಮಕ್ಕಳೂ ಕೇಳಿರಲಿಲ್ಲ.

ಭಾನುವಾರ ಪಾದ್ರಿಯ ಕಿವಿಗೆ ವಿಷಯ ಹಾಕಿದಳು. ಅವರು ಬೆಚ್ಚಿಬಿದ್ದರು. "ಎನ್ಯೋನಾಮಕ್ಕಾ, ಆಚೆ ದಡದಿಂದ ಎರಡು ದೋಣಿ ಜನ ಬಂದಿದ್ದಾರೆ. ಇವತ್ತೊಂದಿನ ಉರಿದುಬಿಡಿ."

ಅವಳು ಮೈಕು ಕಿತ್ತುಕೊಂಡಳು. "ಇದು ಪವಿತ್ರಾತ್ಮ ಅಲ್ಲ. ನಂಗೆ ಮುಟ್ಟು ನಿಲ್ತಾ ಇದೆ. ಏನಂತ ಗೊತ್ತಾಗ್ದೆ ಬಹಳ ಹೆದರಿದ್ದೆ."

ಗಂಡಸರೆಲ್ಲ ಚಾವಣಿ ನೋಡತೊಡಗಿದರು. ಆಗ ಪಾದ್ರಿಯ ಹೆಂಡತಿಯೇ ಎದ್ದು ನಿಂತರು. "ನಂಗೂ ಎರಡು ವರ್ಷದಿಂದ ಹಿಂಗೇ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?" ಎಂದರು ಪಾದ್ರಿ, ಮೈಕಿಲ್ಲದೆ.

"ಹೇಳಿದ್ರೆ ನನ್ನನ್ನೂ ಕುರ್ಚಿ ಮೇಲೆ ಕೂರಿಸ್ತಿದ್ರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗುತ್ತಲೇ ಹೆಂಗಸರು "ನಂಗೂ" ಎನ್ನುತ್ತ ಒಬ್ಬೊಬ್ಬರಾಗಿ ಎದ್ದರು. ಆ ದಿನ ಪ್ರಾರ್ಥನೆ ಮುಗಿದರೂ ಅವರು ಮನೆಗೆ ಹೋಗದೆ ಬೇವಿನ ಮರದಡಿ ಕೂತರು. ಒಬ್ಬಳು ಸೊಸೆಯ ಹೆಸರು ಮರೆತು ಇಡೀ ದಿನ ಕೆಮ್ಮಿಯೇ ಕರೆದಿದ್ದಳು. ಇನ್ನೊಬ್ಬಳು ಮೇಕೆಯನ್ನು ಬೈದು ಆಮೇಲೆ ಅದರ ಕ್ಷಮೆ ಕೇಳಿದ್ದಳು.

ಬಿಸಿ ಈಗಲೂ ಬರುತ್ತದೆ, ಅಳುವೂ ಬರುತ್ತದೆ. ಎನ್ಯೋನಾಮ್ ಬಚ್ಚಿಡುವುದಿಲ್ಲ. "ಕೋಸಿ, ಹತ್ರ ಬರ್ಬೇಡ. ದೂರಾನೂ ಹೋಗ್ಬೇಡ. ಅಲ್ಲೇ ನಿಲ್ಲು" ಎನ್ನುತ್ತಾಳೆ. ಕೋಸಿ ಇದ್ದಲ್ಲೇ, ಕೈಯಲ್ಲಿ ಪೊರಕೆ ಇದ್ದರೆ ಪೊರಕೆಯ ಸಮೇತ, ಅವಳು ಸಾಕು ಎನ್ನುವವರೆಗೂ ನಿಂತಿರುತ್ತಾನೆ.